ಮಾರ್ಚ್ ತಿಂಗಳಿಗೆ ಐರಿಶ್ ಕಥೆ: ಚಿಕ್ಕ ಮಕ್ಕಳ ಕ್ಲಾಸಿನಲ್ಲಿ ಓದಿ ಹೇಳುವವರಿಗೆ

ಫೆಬ್ರವರಿ ಮುಗಿಯುತ್ತಿದ್ದ ಹಾಗೆ ಅಮೆರಿಕದ ಪ್ರಾಥಮಿಕ ಶಾಲೆಗಳ ಗೋಡೆಗಳು ಹಸಿರಾಗುತ್ತವೆ. ಮಾರ್ಚ್ 17 ಸೇಂಟ್ ಪ್ಯಾಟ್ರಿಕ್ ದಿನ, ಐರಿಶ್ ಜನರ ಹಬ್ಬ. ಅದೇ ಹೊತ್ತಿಗೆ ಟೀಚರ್ ಕಡೆಯಿಂದ ಮೆಸೇಜೂ ಬರುತ್ತದೆ. ಅಪ್ಪ ಅಮ್ಮಂದಿರಲ್ಲಿ ಯಾರಾದರೂ ಬಂದು ಮಕ್ಕಳಿಗೆ ಒಂದು ಕಥೆ ಓದಿ ಹೇಳುತ್ತೀರಾ ಅಂತ. ಇದಕ್ಕೆ 'ಮಿಸ್ಟರಿ ರೀಡರ್' ಅನ್ನುತ್ತಾರೆ. ಯಾರು ಬರುತ್ತಾರೆ ಅನ್ನುವುದನ್ನು ಮಕ್ಕಳಿಗೆ ಮೊದಲೇ ಹೇಳುವುದಿಲ್ಲ. ನಮ್ಮವರು ಖುಷಿಯಿಂದ ಹೆಸರು ಕೊಡುತ್ತಾರೆ. ಆಮೇಲೆ ಲೈಬ್ರರಿಗೆ ಹೋಗಿ, ಮುಖಪುಟದ ಮೇಲೆ ಹಸಿರು ಟೋಪಿಯ ಕುಳ್ಳ ಇರುವ ಮೊದಲ ಪುಸ್ತಕವನ್ನು ಎತ್ತಿಕೊಂಡು ಬರುತ್ತಾರೆ.

ಬೇಡ. ಹಬ್ಬಕ್ಕೆಂದೇ ಮಾಡಿದ ಪುಸ್ತಕಗಳಲ್ಲಿ ಬಹಳಷ್ಟು ನೋಡುವುದಕ್ಕೆ ಚೆಂದ, ಓದಿ ಹೇಳುವುದಕ್ಕೆ ಸಪ್ಪೆ. ಐರ್ಲೆಂಡ್ ಕಥೆ ಹೇಳುವವರ ದೇಶ. ಅಲ್ಲಿ ಒಲೆಯ ಮುಂದೆ ಕೂತು ರಾತ್ರಿಯೆಲ್ಲ ಕಥೆ ಹೇಳುವವರಿಗೆ 'ಶನಖೀ' ಎಂಬ ಹೆಸರೇ ಇದೆ. ಅಂಥವರ ಬಾಯಿಂದ ಬಂದ ಕಥೆಯನ್ನು ಹುಡುಕಿದರೆ ನಿಮ್ಮ ಅರ್ಧ ಕೆಲಸ ಕಥೆಯೇ ಮಾಡಿಕೊಡುತ್ತದೆ. ಆರಿಸುವಾಗ ಕಣ್ಣಿಗಿಂತ ಕಿವಿಯನ್ನು ನಂಬಿ. ಈ ಲೇಖನದಲ್ಲಿ ಇರುವುದೆಲ್ಲ ಅದನ್ನು ಮಾಡುವ ದಾರಿ.

1. ಮೊದಲು ಟೀಚರ್ ಜೊತೆ ಮಾತಾಡಿ

ಮೂರು ವಿಷಯ ಕೇಳಿಕೊಳ್ಳಿ. ಎಷ್ಟು ಹೊತ್ತು ಸಿಗುತ್ತದೆ? ಮಕ್ಕಳು ಈಗಾಗಲೇ ಯಾವ ಪುಸ್ತಕ ಕೇಳಿದ್ದಾರೆ? ಸಂತರ ಕಥೆ ಓದಬಹುದೇ? ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಧರ್ಮದ ಬಗ್ಗೆ ಪಾಠ ಮಾಡಬಹುದು, ಧರ್ಮ ಬೋಧನೆ ಮಾಡುವಂತಿಲ್ಲ. ಪ್ಯಾಟ್ರಿಕ್, ಬ್ರಿಜಿಡ್ ಇವರ ಕಥೆಗಳನ್ನು 'ಐರಿಶ್ ಜನ ಹೀಗೆ ಹೇಳುತ್ತಾರೆ' ಎಂದು ದಂತಕಥೆಯಾಗಿ ಓದಿದರೆ ಸಾಮಾನ್ಯವಾಗಿ ಯಾರ ಅಭ್ಯಂತರವೂ ಇರುವುದಿಲ್ಲ. ಆದರೂ ಕೇಳಿಬಿಡುವುದು ಒಳ್ಳೆಯದು.

ನೀವಿರುವುದು ಐರ್ಲೆಂಡಿನಲ್ಲೇ ಆದರೆ ಲೆಕ್ಕ ಬೇರೆ. ಡಬ್ಲಿನ್ ಕಡೆಯ ಶಾಲೆಗಳಲ್ಲಿ ಈಗ ಕನ್ನಡದ ಮಕ್ಕಳು ಸಾಕಷ್ಟಿದ್ದಾರೆ. ಅಲ್ಲಿನ ಮಕ್ಕಳಿಗೆ ಐರಿಶ್ ಕಥೆಗಳ ದೈತ್ಯ ಫಿನ್ ಮಕೂಲ್ ನಿಮಗಿಂತ ಚೆನ್ನಾಗಿ ಗೊತ್ತು. ಅವರ ಕಥೆಯನ್ನು ಅವರಿಗೇ ಓದುವ ಬದಲು, ಮುಂದೆ ಹೇಳುವ ಹಾಗೆ ಒಂದು ಐರಿಶ್ ಕಥೆಯ ಪಕ್ಕದಲ್ಲಿ ಒಂದು ಕನ್ನಡ ಕಥೆ ಇಟ್ಟುಕೊಂಡು ಹೋಗಿ.

2. ಪುಸ್ತಕ ಆರಿಸುವುದು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಪುಸ್ತಕ ಕೈಗೆ ಬಂದ ಕೂಡಲೇ ಮಧ್ಯದ ಯಾವುದಾದರೂ ಪುಟ ತೆಗೆದು ಗಟ್ಟಿಯಾಗಿ ಓದಿ. ಲೈಬ್ರರಿಯಲ್ಲಿ ಸಂಕೋಚ ಆದರೆ ಕಾರಿನಲ್ಲಿ ಕೂತು ಓದಿ. ನಾಲಿಗೆ ತಡವರಿಸುತ್ತಿದೆಯಾ? ಎರಡು ಪಾತ್ರಗಳ ದನಿ ಬೇರೆ ಬೇರೆಯಾಗಿ ತಾನಾಗೇ ಬರುತ್ತಿದೆಯಾ? ಮಕ್ಕಳು ನಿಮ್ಮ ಜೊತೆ ಹೇಳಬಹುದಾದ ಸಾಲು ಮತ್ತೆ ಮತ್ತೆ ಬರುತ್ತದೆಯಾ? ಇಷ್ಟು ಪರೀಕ್ಷೆಗೇ ಅರ್ಧ ಪುಸ್ತಕಗಳು ಉದುರಿಹೋಗುತ್ತವೆ.

ಒಂದೇ ಪುಸ್ತಕ ಹೇಳಿ ಎಂದರೆ ನಾನು ಟೋಮಿ ಡಿಪಾವ್ಲಾ ಅವರ 'ಫಿನ್ ಮಕೂಲ್: ದಿ ಜೈಂಟ್ ಆಫ್ ನಾಕ್‌ಮನಿ ಹಿಲ್' ಹೇಳುತ್ತೇನೆ. 1981ರ ಪುಸ್ತಕ. ಡಿಪಾವ್ಲಾ ತಂದೆಯ ಕಡೆಯಿಂದ ಇಟಾಲಿಯನ್, ತಾಯಿಯ ಕಡೆಯಿಂದ ಐರಿಶ್. ಕಥೆ ಉತ್ತರ ಐರ್ಲೆಂಡಿನ ಟಿರೋನ್ ಕೌಂಟಿಯ ಬೆಟ್ಟದ ಮೇಲೆ ನಡೆಯುತ್ತದೆ. ಫಿನ್ ದೈತ್ಯ, ಆದರೆ ಅವನಿಗಿಂತ ದೊಡ್ಡ ದೈತ್ಯ ಕಕಲಿನ್ ಅವನನ್ನು ಹುಡುಕಿಕೊಂಡು ಬರುತ್ತಿದ್ದಾನೆ. ಆ ಕಕಲಿನ್ ಸಿಡಿಲನ್ನೇ ಗುದ್ದಿ, ದೋಸೆಯ ಹಾಗೆ ಚಪ್ಪಟೆ ಮಾಡಿ ಜೇಬಿನಲ್ಲಿಟ್ಟುಕೊಂಡು ತಿರುಗುವವನು. ಫಿನ್ ಹೆದರಿ ಮನೆಗೆ ಓಡುತ್ತಾನೆ. ಅವನ ಹೆಂಡತಿ ಊನಾ ಮಾತ್ರ ಹೆದರುವವಳಲ್ಲ. ಗಂಡನಿಗೆ ಮಗುವಿನ ಬಟ್ಟೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸುತ್ತಾಳೆ. ಬ್ರೆಡ್ಡಿನೊಳಗೆ ಕಬ್ಬಿಣದ ಬಾಣಲೆ ಇಟ್ಟು ಬೇಯಿಸುತ್ತಾಳೆ. ಕಕಲಿನ್ ಕಚ್ಚುತ್ತಾನೆ, ಹಲ್ಲು ಮುರಿಯುತ್ತದೆ. 'ಮಗು' ಮಾತ್ರ ಬಾಣಲೆ ಇಲ್ಲದ ಬ್ರೆಡ್ಡನ್ನು ಆರಾಮವಾಗಿ ತಿನ್ನುತ್ತದೆ. ಕೂಸೇ ಹೀಗಿದ್ದರೆ ಅಪ್ಪ ಹೇಗಿರಬಹುದು!

ಈ ಕಥೆಯಲ್ಲಿ ಮೂರು ದನಿ ಇದೆ. ಗುಡುಗುವ ದನಿ, ನಡುಗುವ ದನಿ, ಏನೂ ಆಗದವಳ ಹಾಗೆ ಮಾತಾಡುವ ಊನಾಳ ದನಿ. ಊನಾಳ ದನಿ ಸಿಕ್ಕಿದರೆ ಕಥೆ ಗೆದ್ದ ಹಾಗೆ. ಒಂದೇ ಎಚ್ಚರಿಕೆ: ಕೊನೆಯಲ್ಲಿ ಫಿನ್ ಕಕಲಿನ್‌ನ ಬೆರಳು ಕಚ್ಚಿ ತೆಗೆಯುತ್ತಾನೆ. ಅವನ ಬಲವೆಲ್ಲ ಆ ಬೆರಳಿನಲ್ಲೇ ಇರುತ್ತದೆ. ಎರಡನೇ ಕ್ಲಾಸಿನವರು ಇದಕ್ಕೆ ಬಿದ್ದು ಬಿದ್ದು ನಗುತ್ತಾರೆ. ಕಿಂಡರ್‌ಗಾರ್ಟನ್‌ನಲ್ಲಿ ಒಬ್ಬಿಬ್ಬರು ತಮ್ಮ ಬೆರಳು ಮುಚ್ಚಿಕೊಳ್ಳುತ್ತಾರೆ. ಅಲ್ಲಿ ಬೇಗ ಪುಟ ತಿರುಗಿಸಿ.

ಇದೇ ದೈತ್ಯರ ಕಥೆಯ ಇನ್ನೊಂದು ರೂಪದಲ್ಲಿ ಸ್ಕಾಟ್ಲೆಂಡಿನ ದೈತ್ಯ ಬರುತ್ತಾನೆ. ಫಿನ್ ಸಮುದ್ರಕ್ಕೆ ಕಲ್ಲಿನ ದಾರಿ ಹಾಕುತ್ತಾನೆ. ಆಂಟ್ರಿಮ್ ಕರಾವಳಿಯ ಜೈಂಟ್ಸ್ ಕಾಸ್‌ವೇ ಅದೇ ದಾರಿ ಅನ್ನುವುದು ಜನರ ನಂಬಿಕೆ. ಸುಮಾರು 40,000 ಕಲ್ಲಿನ ಕಂಬಗಳು, ಬಹಳಷ್ಟು ಆರು ಮೂಲೆಯವು. ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಆದದ್ದು. ಅದರ ಫೋಟೋ ತೋರಿಸುವಾಗ ನಮ್ಮ ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಫೋಟೋವನ್ನೂ ಪಕ್ಕದಲ್ಲಿ ತೋರಿಸಿ. ಅಲ್ಲೂ ಲಾವಾದಿಂದಲೇ ಆದ ಅಂಥದೇ ಕಂಬಗಲ್ಲುಗಳಿವೆ. ಮಲ್ಪೆಯಲ್ಲಿ ಯಾವ ದೈತ್ಯ ನಡೆದಿರಬಹುದು ಎಂದು ಕೇಳಿ ಸುಮ್ಮನಿರಿ. ಉಳಿದದ್ದು ಮಕ್ಕಳು ನೋಡಿಕೊಳ್ಳುತ್ತಾರೆ.

ಡಿಪಾವ್ಲಾ ಅವರದೇ 'ಜೇಮೀ ಒರೂರ್ಕ್ ಅಂಡ್ ದಿ ಬಿಗ್ ಪೊಟೇಟೊ' (1992) ಇನ್ನೂ ಜನಪ್ರಿಯ. ಐರ್ಲೆಂಡಿನಲ್ಲೇ ಅತಿ ದೊಡ್ಡ ಸೋಮಾರಿಯ ಕೈಗೆ ಲೆಪ್ರಿಕಾನ್, ಅಂದರೆ ಚಿನ್ನ ಬಚ್ಚಿಟ್ಟುಕೊಂಡಿರುವ ಮಾಯದ ಕುಳ್ಳ, ಸಿಕ್ಕಿಬೀಳುತ್ತಾನೆ. ಚಿನ್ನದ ಬದಲು ಆಲೂಗಡ್ಡೆ ಬೀಜ ಕೊಡುತ್ತಾನೆ. ಆಲೂಗಡ್ಡೆ ಬೆಳೆದು ಬೆಳೆದು ಊರಿನ ದಾರಿಯನ್ನೇ ಮುಚ್ಚುತ್ತದೆ. ಓದುವುದಕ್ಕೆ ಮಜಾ ಇದೆ. ಆದರೆ ಅದೊಂದನ್ನೇ ಓದಿ ಬರಬೇಡಿ. 19ನೇ ಶತಮಾನದಲ್ಲಿ ಅಮೆರಿಕ, ಬ್ರಿಟನ್ ಪತ್ರಿಕೆಗಳು ಐರಿಶ್ ಜನರನ್ನು ಸೋಮಾರಿಗಳು, ಕುಡುಕರು ಎಂದು ವ್ಯಂಗ್ಯಚಿತ್ರಗಳಲ್ಲಿ ಗೇಲಿ ಮಾಡುತ್ತಿದ್ದವು. ಮಗುವಿಗೆ ವರ್ಷಕ್ಕೆ ಒಂದೇ ಐರಿಶ್ ಕಥೆ ಸಿಗುವುದಾದರೆ ಅದು ಸೋಮಾರಿಯ ಕಥೆ ಆಗಬಾರದು ಅಲ್ವಾ? ಊನಾಳ ಜೊತೆಗೆ ಜೇಮೀ ಬರಲಿ. ಒಬ್ಬನೇ ಬೇಡ.

ಲೆಪ್ರಿಕಾನ್ ಬೇಕೇ ಬೇಕು ಅನ್ನುವ ಕ್ಲಾಸುಗಳಿರುತ್ತವೆ. ಬಲೆ ಹಾಕಿ ಹಿಡಿಯುವ ಆಟ ಅಮೆರಿಕದ ಶಾಲೆಗಳದ್ದು. ಹಳೆಯ ಕಥೆಗಳಲ್ಲಿ ಲೆಪ್ರಿಕಾನ್ ಅಂದರೆ ಬೇಲಿ ಮರೆಯಲ್ಲಿ ಕೂತು ಚಪ್ಪಲಿ ಹೊಲಿಯುವ ಮುದುಕ. ಅಂಗಿ ಎಷ್ಟೋ ಸಲ ಕೆಂಪು, ಹಸಿರಲ್ಲ. ಆ ಮುದುಕನನ್ನು ನೋಡಬೇಕಾದರೆ ಲಿಂಡಾ ಶೂಟ್ ಅವರ 'ಕ್ಲೆವರ್ ಟಾಮ್ ಅಂಡ್ ದಿ ಲೆಪ್ರಿಕಾನ್' (1988) ಹುಡುಕಿ. ಟಾಮ್‌ಗೆ ಲೆಪ್ರಿಕಾನ್ ಹೊಲದ ಒಂದು ಗಿಡ ತೋರಿಸಿ, ಚಿನ್ನ ಇದರ ಕೆಳಗಿದೆ ಅನ್ನುತ್ತಾನೆ. ಅಗೆಯಲು ಗುದ್ದಲಿ ಇಲ್ಲ. ಟಾಮ್ ಗುರುತಿಗೆ ಕೆಂಪು ಪಟ್ಟಿ ಕಟ್ಟಿ, ಅದನ್ನು ಬಿಚ್ಚುವುದಿಲ್ಲ ಎಂದು ಲೆಪ್ರಿಕಾನ್‌ನಿಂದ ಮಾತು ತೆಗೆದುಕೊಂಡು, ಮನೆಗೆ ಓಡಿ ಗುದ್ದಲಿ ತರುತ್ತಾನೆ. ಬಂದು ನೋಡಿದರೆ ಹೊಲದ ಪ್ರತಿ ಗಿಡಕ್ಕೂ ಕೆಂಪು ಪಟ್ಟಿ! ಮಾತು ಮುರಿದಿಲ್ಲ, ಚಿನ್ನವೂ ಸಿಗಲಿಲ್ಲ. ಆ ಪುಟ ತಿರುಗಿಸುವ ಮುಂಚೆ ಒಂದು ಉಸಿರು ನಿಲ್ಲಿ. ಆ ಒಂದು ಕ್ಷಣಕ್ಕೋಸ್ಕರವೇ ಈ ಪುಸ್ತಕ ಓದಬಹುದು.

ತುಂಬಾ ಮೆಲ್ಲಗಿನ ಪುಸ್ತಕ ಬೇಕಾದರೆ ಈವ್ ಬಂಟಿಂಗ್ ಅವರ 'ಸೇಂಟ್ ಪ್ಯಾಟ್ರಿಕ್ಸ್ ಡೇ ಇನ್ ದಿ ಮಾರ್ನಿಂಗ್' (1980). ಬಂಟಿಂಗ್ ಹುಟ್ಟಿದ್ದು ಉತ್ತರ ಐರ್ಲೆಂಡಿನ ಮಘೆರಾದಲ್ಲಿ, ಆಮೇಲೆ ಅಮೆರಿಕಕ್ಕೆ ಹೋದವರು. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನು ಜೇಮೀ. ಮೆರವಣಿಗೆಯಲ್ಲಿ ಬೆಟ್ಟದ ತುದಿವರೆಗೆ ನಡೆಯಲು ಅವನಿಂದಾಗದು ಅಂತ ದೊಡ್ಡವರು ಬಿಟ್ಟುಬಿಟ್ಟಿದ್ದಾರೆ. ಎಲ್ಲರೂ ಮಲಗಿರುವಾಗಲೇ ಎದ್ದು, ನಾಯಿಯ ಜೊತೆ ಆ ದಾರಿಯನ್ನು ತಾನೊಬ್ಬನೇ ನಡೆದು ಬರುತ್ತಾನೆ. ಮ್ಯಾಜಿಕ್ ಇಲ್ಲ, ಚಿನ್ನ ಇಲ್ಲ. ಮನೆಯಲ್ಲಿ ಅಣ್ಣ ಅಕ್ಕ ಇರುವ ಮಕ್ಕಳು ಇದನ್ನು ಉಸಿರು ಬಿಗಿಹಿಡಿದು ಕೇಳುತ್ತಾರೆ. ದನಿ ತಗ್ಗಿಸಿ ಓದಬೇಕು.

ಮೂರನೇ, ನಾಲ್ಕನೇ ಕ್ಲಾಸಿನವರಿಗೆ ಎಮಿಲಿ ಆರ್ನಲ್ಡ್ ಮಕಲಿ ಅವರ 'ದಿ ಪೈರೇಟ್ ಕ್ವೀನ್' (1995) ಕೊಡಿ. ಇದು ಗ್ರೇಸ್ ಒಮ್ಯಾಲಿಯ ಕಥೆ. 16ನೇ ಶತಮಾನದಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಹಡಗು ಪಡೆ ನಡೆಸಿದವಳು. 1593ರಲ್ಲಿ ಇಂಗ್ಲೆಂಡಿಗೇ ಹೋಗಿ ಒಂದನೇ ಎಲಿಜಬೆತ್ ರಾಣಿಯ ಮುಂದೆ ನಿಂತು ಮಾತಾಡಿದವಳು. ಕಡಲ್ಗಳ್ಳಿ ನಿಜವಾಗಿಯೂ ಇದ್ದಳು ಅಂದ ಕೂಡಲೇ ಹಿಂದಿನ ಸಾಲಿನ ಹುಡುಗರೂ ಮುಂದೆ ಬಂದು ಕೂರುತ್ತಾರೆ. ಸಾಲುಗಳು ಉದ್ದ, ಹೆಸರುಗಳು ಜಾಸ್ತಿ. ಎರಡು ದಿನಕ್ಕೆ ಹಂಚಿಕೊಳ್ಳಿ.

ಇನ್ನೊಂದು ನನಗೆ ತುಂಬಾ ಇಷ್ಟ: ಶರ್ಲಿ ಕ್ಲೈಮೋ ಅವರ 'ದಿ ಐರಿಶ್ ಸಿಂಡರ್‌ಲ್ಯಾಡ್' (1996). ಸಿಂಡ್ರೆಲಾಳ ಜಾಗದಲ್ಲಿ ಬೆಕನ್ ಎಂಬ ಹುಡುಗ. ಆಳು ಸಣ್ಣ, ಪಾದ ಮಾತ್ರ ಭಾರಿ ದೊಡ್ಡದು. ಅವನಿಗೆ ನೆರವಾಗುವುದು ಒಂದು ಮಾಯದ ಹೋರಿ. ಕಳೆದುಹೋಗುವುದು ಗಾಜಿನ ಚಪ್ಪಲಿ ಅಲ್ಲ, ದೊಡ್ಡ ಬೂಟು. ಇದರ ಪಕ್ಕದಲ್ಲಿ ಇಡಲು ಕನ್ನಡದ್ದೇ ಸಿಂಡ್ರೆಲಾ ಇದ್ದಾಳೆ. ಎ.ಕೆ. ರಾಮಾನುಜನ್ ಸಂಗ್ರಹಿಸಿ ಇಂಗ್ಲಿಷಿಗೆ ತಂದ 'ಹಂಚಿ'ಯ ಕಥೆ. ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಕೊಂಡು, ತನ್ನ ಗುರುತು ಮರೆಸಿ ಬಾಳುವ ಹುಡುಗಿ ಅವಳು. ಬೆಕನ್‌ನನ್ನು ಓದಿ, ಹಂಚಿಯನ್ನು ಬಾಯಲ್ಲಿ ಹೇಳಿ. ಐರ್ಲೆಂಡಿನ ಕ್ಲಾಸುಗಳಿಗೆ ಹೇಳಿ ಮಾಡಿಸಿದ ಜೋಡಿ ಇದು. ಹಂಚಿಯ ಕಥೆಯ ಶುರುವಿನಲ್ಲಿ ಅಣ್ಣನೇ ತಂಗಿಯನ್ನು ಮೋಹಿಸುವ ಭಾಗ ಇದೆ. ಚಿಕ್ಕವರಿಗೆ ಅದನ್ನು ಬಿಟ್ಟು, ಮನೆ ಬಿಟ್ಟು ಹೊರಟಳು ಎಂದಷ್ಟೇ ಹೇಳಿ.

ಕಿಂಡರ್‌ಗಾರ್ಟನ್‌ಗೆ ಐರ್ಲೆಂಡ್ ವಿಷಯವೇ ಬೇಕೆಂದಿಲ್ಲ. ಐರಿಶ್ ಲೇಖಕರ ಪುಸ್ತಕವಾದರೂ ಸಾಕು. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಮಾರ್ಟಿನ್ ವಾಡೆಲ್ ಅವರ 'ಫಾರ್ಮರ್ ಡಕ್', 'ಔಲ್ ಬೇಬೀಸ್', ಡಬ್ಲಿನ್‌ನ ಕ್ರಿಸ್ ಹಾಟನ್ ಅವರ 'ಶ್! ವಿ ಹ್ಯಾವ್ ಎ ಪ್ಲಾನ್' ಇವೆಲ್ಲ ಮಕ್ಕಳೇ ಅರ್ಧ ಓದಿಬಿಡುವ ಪುಸ್ತಕಗಳು. ಅಷ್ಟು ಸಲ ಮಾತು ಮರುಕಳಿಸುತ್ತದೆ.

3. ಪುಸ್ತಕ ಬೇಗ ಹಿಡಿದಿಡಿ

ಮಾರ್ಚ್ ಮೊದಲ ವಾರ ಲೈಬ್ರರಿಗೆ ಹೋದರೆ ಐರಿಶ್ ಕಪಾಟು ಖಾಲಿ. ಎಲ್ಲ ಶಾಲೆಯವರೂ ಅದೇ ಪುಸ್ತಕಗಳ ಹಿಂದೆ ಬಿದ್ದಿರುತ್ತಾರೆ. ಫೆಬ್ರವರಿ ಶುರುವಿನಲ್ಲೇ ಹೋಲ್ಡ್ ಹಾಕಿ, ಅಂದರೆ ನಿಮ್ಮ ಹೆಸರಿಗೆ ತೆಗೆದಿಡಲು ಹೇಳಿ. ಮೇಲೆ ಹೇಳಿದ್ದರಲ್ಲಿ ಹಳೆಯವು ಅಂಗಡಿಯಲ್ಲಿ ಸಿಗದೇ ಹೋಗಬಹುದು. ಲೈಬ್ರರಿಯವರಿಗೆ ಹೇಳಿದರೆ ಬೇರೆ ಊರಿನಿಂದ ತರಿಸಿಕೊಡುತ್ತಾರೆ. ಐರ್ಲೆಂಡಿನಲ್ಲಿ ಸಾರ್ವಜನಿಕ ಲೈಬ್ರರಿ ಸದಸ್ಯತ್ವಕ್ಕೆ ದುಡ್ಡಿಲ್ಲ. 2019ರಿಂದ ತಡವಾದರೆ ದಂಡವೂ ಇಲ್ಲ.

ಕರ್ನಾಟಕದಲ್ಲಿ ಕೂತು ಓದುತ್ತಿರುವ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಈ ಚಿತ್ರಪುಸ್ತಕಗಳು ಕೈಗೆಟುಕುವುದು ಕಷ್ಟ, ಬೆಲೆಯೂ ಜಾಸ್ತಿ. ನಿಮಗೆ ಬೇರೆ ದಾರಿ ಇದೆ. ಜೋಸೆಫ್ ಜೇಕಬ್ಸ್ 1892ರಲ್ಲಿ ತಂದ 'ಸೆಲ್ಟಿಕ್ ಫೇರಿ ಟೇಲ್ಸ್' ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಹಳೆಯ ಪುಸ್ತಕಗಳ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಹಕ್ಕುಗಳೆಲ್ಲ ಮುಗಿದಿವೆ. ಯಾರನ್ನೂ ಕೇಳದೆ ಕನ್ನಡಕ್ಕೆ ತರಬಹುದು. ನಾಕ್‌ಮನಿಯ ಫಿನ್ ಮತ್ತು ಊನಾ, ಕೆಂಪು ಪಟ್ಟಿಯ ಟಾಮ್ ಇಬ್ಬರ ಕಥೆಯೂ ಅದರಲ್ಲಿವೆ. ಇಂಗ್ಲಿಷು ಹಳೆಯ ಕಾಲದ್ದು. ಹಾಗೇ ಓದಬೇಡಿ, ನಿಮ್ಮ ಊರಿನ ಕನ್ನಡದಲ್ಲಿ ಹೇಳಿ.

ಅದರಲ್ಲಿ 'ಮುನಾಖರ್ ಮತ್ತು ಮನಾಖರ್' ಎಂಬ ಸರಪಳಿ ಕಥೆ ಇದೆ. ಕನ್ನಡದಲ್ಲಿ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಮುನಾಖರ್ ಹಣ್ಣು ಕಿತ್ತಷ್ಟೂ ಮನಾಖರ್ ತಿಂದುಬಿಡುತ್ತಾನೆ. ಸಿಟ್ಟಿನಿಂದ ಮುನಾಖರ್ ಕೋಲು ತರಲು ಹೊರಡುತ್ತಾನೆ. ಕೋಲು ಕೊಡಲಿ ತಾ ಅನ್ನುತ್ತದೆ. ಕೊಡಲಿ ಸಾಣೆಕಲ್ಲು ಕೇಳುತ್ತದೆ. ಕಲ್ಲು ನೀರು ಕೇಳುತ್ತದೆ. ನೀರು ಜಿಂಕೆ, ಜಿಂಕೆ ನಾಯಿ, ನಾಯಿ ಬೆಣ್ಣೆ, ಬೆಣ್ಣೆ ಬೆಕ್ಕು, ಬೆಕ್ಕು ಹಾಲು... ಹೀಗೆ ಬೆಳೆಯುತ್ತಾ ಹೋಗುತ್ತದೆ. ಕೊನೆಗೆ ಜರಡಿಯಲ್ಲಿ ನೀರು ತರಬೇಕಾಗುತ್ತದೆ. ಹೇಗೆ ತರುವುದು? ಕಾಗೆ ಉಪಾಯ ಹೇಳಿಕೊಡುತ್ತದೆ: ಮಣ್ಣು ಮೆತ್ತು! ಪ್ರತಿ ಸಲ ಸರಪಳಿಯನ್ನು ಮೊದಲಿನಿಂದ ಹೇಳುವ ಕೆಲಸ ಮಕ್ಕಳಿಗೆ ಬಿಡಿ. ಒಂದೊಂದು ವಸ್ತುವಿಗೆ ಒಬ್ಬೊಬ್ಬರು ಎದ್ದು ನಿಲ್ಲಲಿ. ಮೂಲದಲ್ಲಿ ಮುನಾಖರ್ ಕೋಲು ಹುಡುಕುವುದು ಮನಾಖರ್‌ನನ್ನು ನೇಣಿಗೆ ಹಾಕಲು. ಹಣ್ಣು ತಿಂದ ತಪ್ಪಿಗೆ ಅಷ್ಟು ಬೇಡ. ಕಟ್ಟಿಹಾಕಲು ಅಂತ ಬದಲಿಸಿ. ಕೊನೆಯಲ್ಲಿ ಮನಾಖರ್ ಹಣ್ಣು ತಿಂದೂ ತಿಂದೂ ಹೊಟ್ಟೆ ಒಡೆದುಕೊಂಡಿರುತ್ತಾನೆ. ಅದನ್ನು ಬದಲಿಸಬೇಡಿ, ಮಕ್ಕಳಿಗೆ ಅದೇ ಬೇಕು.

ಐರಿಶ್ ಕಥೆಯನ್ನು ಕನ್ನಡದಲ್ಲಿ ಹೇಳುವುದು ಸರಿಯಾ ಅನ್ನುವ ಅನುಮಾನ ಬಂದರೆ ಒಂದು ಹಳೆಯ ಸಂಗತಿ ನೆನಪಿಸಿಕೊಳ್ಳಿ. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಕುವೆಂಪು ಆಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಅವನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಹೇಳಿದವರು ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಐರಿಶ್ ಕವಿ ಜೇಮ್ಸ್ ಕಸಿನ್ಸ್.

4. ಹೆಸರುಗಳನ್ನು ಬಾಯಿಪಾಠ ಮಾಡಿ

ಐರಿಶ್ ಹೆಸರುಗಳ ಸ್ಪೆಲ್ಲಿಂಗ್ ನೋಡಿ ಓದಿದರೆ ಹತ್ತರಲ್ಲಿ ಎಂಟು ತಪ್ಪಾಗುತ್ತವೆ. 'ಸಿಯೋಬಾನ್' ಅಂತ ಕಾಣುವುದು ಶಿವಾನ್. 'ನಿಯಾಮ್' ಅಂತ ಕಾಣುವುದು ನೀವ್. 'ಅವೋಯಿಫ್' ಅಂತ ಕಾಣುವುದು ಈಫಾ. 'ಓಯಿಸಿನ್' ಅಂತ ಕಾಣುವುದು ಉಶೀನ್. ಕಡಲ್ಗಳ್ಳಿ ಗ್ರೇಸ್ ಒಮ್ಯಾಲಿಯನ್ನು ಅವಳ ಊರಿನವರು ಕರೆಯುವುದು ಗ್ರಾನ್ಯಾ ವೇಲ್. ನಮಗೆ ಒಂದು ಅನುಕೂಲ ಇದೆ. ಹೆಸರಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡರೆ ಮುಗಿಯಿತು, ಇಂಗ್ಲಿಷ್ ಅಕ್ಷರದ ಗೊಂದಲವೇ ಇಲ್ಲ. ಲೈಬ್ರರಿ ಪುಸ್ತಕ ಆದರೆ ಅಂಟುಚೀಟಿಯ ಮೇಲೆ ಬರೆಯಿರಿ. ಪರಿಚಯದ ಐರಿಶ್ ಜನ ಯಾರಾದರೂ ಇದ್ದರೆ ಒಂದು ಸಲ ಹೇಳಿಸಿಕೊಳ್ಳಿ.

ಇದಕ್ಕೆ ಯಾಕೆ ಇಷ್ಟು ಒತ್ತು ಅಂದರೆ, ನಮ್ಮ ಮಕ್ಕಳ ಹೆಸರನ್ನು ಟೀಚರು ತಪ್ಪಾಗಿ ಕರೆದಾಗ ಹೇಗನಿಸುತ್ತದೆ ಎಂಬುದು ನಮಗೆ ಗೊತ್ತು. ಕ್ಲಾಸಿನಲ್ಲಿ ಒಬ್ಬಳು ಈಫಾ ಇರಬಹುದು.

ಹಾಗೆಂದು ಐರಿಶ್ ಉಚ್ಚಾರಣೆಯ ಅಣಕ ಮಾಡಬೇಡಿ. ಯೂಟ್ಯೂಬ್ ನೋಡಿ ಕಲಿತ ಆ ರಾಗ ಐರಿಶ್ ಮನೆಯ ಮಗುವಿಗೆ ಗೇಲಿಯಾಗಿಯೇ ಕೇಳಿಸುತ್ತದೆ. ನಿಮ್ಮ ಸ್ವಂತ ಇಂಗ್ಲಿಷಿನಲ್ಲೇ ಓದಿ. ಮಂಡ್ಯದ್ದೋ ಧಾರವಾಡದ್ದೋ ಇರಲಿ, ಕಥೆಗೆ ಅದು ಸಾಕು.

5. ಓದುವ ಮುಂಚೆ ಎರಡು ನಿಮಿಷ

ನಕ್ಷೆ ತೋರಿಸಿ. ಒಂದು ದ್ವೀಪ, ಅದರಲ್ಲಿ 32 ಕೌಂಟಿ. 26 ಸೇರಿ ಸ್ವತಂತ್ರ ದೇಶ ಐರ್ಲೆಂಡ್. ಉತ್ತರದ 6 ಬ್ರಿಟನ್ ಜೊತೆಗಿರುವ ಉತ್ತರ ಐರ್ಲೆಂಡ್. ಚಿಕ್ಕವರಿಗೆ ಇಷ್ಟು ಸಾಕು. ಐರ್ಲೆಂಡ್ ಇಂಗ್ಲೆಂಡಿನ ಭಾಗ ಎಂದು ಮಾತ್ರ ಬಾಯಿತಪ್ಪಿಯೂ ಹೇಳಬೇಡಿ.

ಪ್ಯಾಟ್ರಿಕ್ ಕಥೆ ಓದುವುದಾದರೆ ಮಕ್ಕಳು ಖಂಡಿತ ಕೇಳುವುದು ಹಾವಿನ ಬಗ್ಗೆ. ಪ್ಯಾಟ್ರಿಕ್ ಹಾವುಗಳನ್ನು ಓಡಿಸಿದ ಎಂಬುದು ದಂತಕಥೆ. ಹಿಮಯುಗ ಮುಗಿದ ಮೇಲೆ ಸಮುದ್ರ ಸುತ್ತುವರಿದ ಆ ದ್ವೀಪಕ್ಕೆ ಹಾವು ಬಂದೇ ಇಲ್ಲ. ಹಾವಿಗಿಂತ ನಿಜವಾದ ಕಥೆಯೇ ಚೆನ್ನಾಗಿದೆ. ಪ್ಯಾಟ್ರಿಕ್ ಐರಿಶ್ ಅಲ್ಲ, ರೋಮನ್ನರ ಆಳ್ವಿಕೆ ಕಂಡ ಬ್ರಿಟನ್ನಿನ ಹುಡುಗ. 16ರ ವಯಸ್ಸಿಗೆ ಕಳ್ಳರು ಹಿಡಿದು ಐರ್ಲೆಂಡಿಗೆ ಒಯ್ದರು. ಆರು ವರ್ಷ ಕುರಿ ಕಾಯುವ ಗುಲಾಮನಾಗಿದ್ದು ತಪ್ಪಿಸಿಕೊಂಡ. ಆಮೇಲೆ ತಾನಾಗಿಯೇ ಅದೇ ನಾಡಿಗೆ ವಾಪಸ್ ಹೋದ. ಯಾಕೆ ಹೋದ ಎಂದು ಮಕ್ಕಳನ್ನು ಕೇಳಿ ನೋಡಿ. ಡಿಪಾವ್ಲಾ ಅವರ 1992ರ ಪ್ಯಾಟ್ರಿಕ್ ಪುಸ್ತಕದಲ್ಲಿ ಜೀವನ ಮೊದಲು, ದಂತಕಥೆಗಳು ಕೊನೆಯಲ್ಲಿ ಬೇರೆಯಾಗಿ ಇವೆ. ಇದು ಓದುವವರಿಗೆ ದೊಡ್ಡ ಉಪಕಾರ.

ಬ್ರಿಜಿಡ್ ಬಗ್ಗೆಯೂ ಒಂದು ಮಾತು. ಅವಳ ದಿನ ಫೆಬ್ರವರಿ 1. 2023ರಿಂದ ಐರ್ಲೆಂಡಿನಲ್ಲಿ ಅವಳ ಹೆಸರಿನಲ್ಲಿ ಸರ್ಕಾರಿ ರಜೆ. ತನ್ನ ಮೇಲುಹೊದಿಕೆ ಮುಚ್ಚುವಷ್ಟು ನೆಲ ಕೊಡು ಎಂದು ರಾಜನನ್ನು ಕೇಳುತ್ತಾಳೆ. ಅವನು ನಕ್ಕು ಒಪ್ಪುತ್ತಾನೆ. ಹೊದಿಕೆ ಹರಡುತ್ತಾ ಹರಡುತ್ತಾ ಎಕರೆಗಟ್ಟಲೆ ನೆಲ ಮುಚ್ಚುತ್ತದೆ. ಕ್ಲಾಸಿನಲ್ಲಿ ನಮ್ಮ ಮಕ್ಕಳಿದ್ದರೆ ವಾಮನ, ಬಲಿ ಅಂತ ತಾವೇ ಕೂಗುತ್ತಾರೆ.

6. ಓದುವುದು

ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಎರಡು ಸಲ ಓದಿ. ಮನಸ್ಸಿನಲ್ಲಿ ಓದಿದ್ದು ಲೆಕ್ಕಕ್ಕಿಲ್ಲ. ಮೌನವಾಗಿ ಬೇಗ ಮುಗಿಯುವ ಪುಸ್ತಕ ಮಕ್ಕಳ ಮುಂದೆ ದುಪ್ಪಟ್ಟು ಹೊತ್ತು ಹಿಡಿಯುತ್ತದೆ. ಕ್ಲಾಸಿನಲ್ಲಿ ತಗ್ಗಿನ ಕುರ್ಚಿ ಕೇಳಿ. ಪುಸ್ತಕವನ್ನು ಎದೆಗೆ ಅಲ್ಲ, ಪಕ್ಕಕ್ಕೆ ಹಿಡಿಯಿರಿ. ಓದುತ್ತಿರುವಾಗಲೇ ಚಿತ್ರ ಎಲ್ಲರಿಗೂ ಕಾಣಬೇಕು. ಪ್ರತಿ ಪುಟ ಮುಗಿದ ಮೇಲೆ ಪುಸ್ತಕ ತಿರುಗಿಸಿ ಅರ್ಧ ಸುತ್ತು ತೋರಿಸುತ್ತಾ ಕೂತರೆ ಕಥೆ ಕೈತಪ್ಪುತ್ತದೆ.

ನಿಲ್ಲಿಸಿ ಪ್ರಶ್ನೆ ಕೇಳುವ ಜಾಗ ಎರಡು ಸಾಕು, ಹೆಚ್ಚೆಂದರೆ ಮೂರು. ಅವೂ ಮೊದಲೇ ಗುರುತು ಮಾಡಿದವಾಗಿರಲಿ. ಫಿನ್ ಕಥೆಯಲ್ಲಿ ಊನಾ ಬ್ರೆಡ್ಡಿಗೆ ಬಾಣಲೆ ಇಡುವಾಗ ನಿಲ್ಲಿಸಿ: 'ಇವಳ ತಲೆಯಲ್ಲಿ ಏನಿದೆ?' ಅಷ್ಟೇ ಕೇಳಿ. ಉತ್ತರ ಸರಿಯೋ ತಪ್ಪೋ ಹೇಳದೆ ಮುಂದೆ ಓದಿ. ಪ್ರತಿ ಪುಟಕ್ಕೂ 'ಇದರಿಂದ ಏನು ಕಲಿತಿರಿ' ಎನ್ನುವವರಿದ್ದಾರೆ. ಮಕ್ಕಳು ಮುಖ ತಿರುಗಿಸುತ್ತಾರೆ, ತಪ್ಪು ಅವರದಲ್ಲ.

ಐರಿಶ್ ಕಥೆಗಳು ಶುರುವಾಗುವುದು 'ಫಾಡೋ, ಫಾಡೋ' ಅಂತ. ಬಹಳ ಬಹಳ ಹಿಂದೆ ಎಂದರ್ಥ. ಮಕ್ಕಳ ಕೈಲಿ ಎರಡು ಸಲ ಹೇಳಿಸಿ ಶುರು ಮಾಡಿದರೆ ಗದ್ದಲ ತಾನಾಗೇ ಅಡಗುತ್ತದೆ.

ಓದುವುದನ್ನು ಯಾರಾದರೂ ವಿಡಿಯೋ ಮಾಡಿದರೆ ಅದನ್ನು ಇಂಟರ್ನೆಟ್ಟಿಗೆ ಹಾಕಬೇಡಿ. ಕ್ಲಾಸಿನಲ್ಲಿ ಓದಿ ಹೇಳುವುದು ಬೇರೆ, ಪೂರ್ತಿ ಪುಸ್ತಕ ಓದಿ ಯೂಟ್ಯೂಬಿಗೆ ಹಾಕುವುದು ಬೇರೆ. ಎರಡನೆಯದಕ್ಕೆ ಪ್ರಕಾಶಕರ ಅನುಮತಿ ಬೇಕು.

7. ಬರಗಾಲದ ಪುಸ್ತಕಗಳು: ಒಂದು ದಿನದ ಅತಿಥಿಗೆ ಅಲ್ಲ

1845ರಿಂದ 1852ರವರೆಗೆ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಂದು ಬೆಳೆ ಕೊಳೆಯಿತು. ಬಡವರು ತಿನ್ನುತ್ತಿದ್ದುದು ಅದೊಂದೇ. ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ, ಇನ್ನೂ ಜಾಸ್ತಿಯೇ, ದೇಶ ಬಿಟ್ಟರು. ಆ ವರ್ಷಗಳಲ್ಲೂ ಧಾನ್ಯ, ದನಗಳು ಹಡಗು ಹತ್ತಿ ಹೊರಗೆ ಹೋಗುತ್ತಿದ್ದವು. ಅಮೆರಿಕದ ಊರೂರಲ್ಲಿ ಐರಿಶ್ ಹೆಸರುಗಳು ಇರುವುದಕ್ಕೆ ಇದು ದೊಡ್ಡ ಕಾರಣ. ಹಾಗಾಗಿ ಹಸಿರು ಹಬ್ಬದ ಕೆಳಗೆ ಈ ಕಥೆ ಇದ್ದೇ ಇದೆ.

ಇದನ್ನು ಓದಿ ಹೇಳುವುದು ಮಕ್ಕಳ ಜೊತೆ ಮರುದಿನವೂ ಇರುವ ಟೀಚರ್ ಕೆಲಸ. ನಾಲ್ಕನೇ ಕ್ಲಾಸಿನ ಮೇಲೆ ಆದರೆ ಒಳ್ಳೆಯದು. ಮರೀಟಾ ಕಾನ್ಲನ್ ಮಕೆನ್ನಾ ಅವರ 'ಅಂಡರ್ ದಿ ಹಾಥಾರ್ನ್ ಟ್ರೀ' (1990) ದಿನಕ್ಕೊಂದು ಅಧ್ಯಾಯದಂತೆ ಓದಲು ಸರಿಯಾದದ್ದು. ಅಪ್ಪ ಅಮ್ಮ ದೂರವಾದ ಮೂರು ಮಕ್ಕಳು ಅಜ್ಜಿ ವರಸೆಯ ತಮ್ಮ ಬಂಧುಗಳನ್ನು ಹುಡುಕಿಕೊಂಡು ನಡೆದು ಹೋಗುವ ಕಥೆ. ಶುರುವಿನಲ್ಲೇ ಮನೆಯ ಪುಟ್ಟ ಕೂಸು ಸಾಯುತ್ತದೆ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಮಗು ಕ್ಲಾಸಿನಲ್ಲಿದ್ದರೆ ಪೋಷಕರ ಜೊತೆ ಮೊದಲೇ ಮಾತಾಡಿ.

ಒಂದೇ ಸಲಕ್ಕೆ ಮುಗಿಯುವುದು ಬೇಕಾದರೆ ಮರೀ ಲೂಯೀಸ್ ಫಿಟ್ಸ್‌ಪ್ಯಾಟ್ರಿಕ್ ಅವರ 'ದಿ ಲಾಂಗ್ ಮಾರ್ಚ್' (1998). 1847ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನ ಐರ್ಲೆಂಡಿನ ಬರಗಾಲಕ್ಕೆ 170 ಡಾಲರ್ ಕೂಡಿಸಿ ಕಳಿಸಿದರು. ಹದಿನೈದಿಪ್ಪತ್ತು ವರ್ಷದ ಹಿಂದಷ್ಟೇ ಅವರನ್ನೇ ಅವರ ನೆಲದಿಂದ ಎಬ್ಬಿಸಿ, ನೂರಾರು ಮೈಲಿ ನಡೆಸಿದ್ದರು. ದಾರಿಯಲ್ಲಿ ಸಾವಿರಾರು ಜನ ಸತ್ತಿದ್ದರು. ಐರಿಶ್ ಜನ ಮರೆಯಲಿಲ್ಲ. ಕಾರ್ಕ್ ಕೌಂಟಿಯ ಮಿಡಲ್‌ಟನ್ ಊರಿನಲ್ಲಿ ಒಂಬತ್ತು ಉಕ್ಕಿನ ಗರಿಗಳು ಬಟ್ಟಲಿನ ಆಕಾರದಲ್ಲಿ ನಿಂತಿವೆ. ಅದು ಚಾಕ್ಟಾ ಜನರಿಗೆಂದು ಮಾಡಿದ ಶಿಲ್ಪ. 2020ರಲ್ಲಿ ಕೋವಿಡ್ ಬಂದಾಗ ಅಮೆರಿಕದ ಬೇರೆ ಮೂಲನಿವಾಸಿಗಳಾದ ನವಾಹೋ, ಹೋಪಿ ಜನರಿಗೆ ಐರ್ಲೆಂಡಿನಿಂದ ಸಾಕಷ್ಟು ದೇಣಿಗೆ ಹರಿದುಬಂತು. ಕೊಟ್ಟವರಲ್ಲಿ ಅನೇಕರು ಈ 170 ಡಾಲರಿನ ಮಾತು ಬರೆದಿದ್ದರು. ಶಿಲ್ಪದ ಫೋಟೋವನ್ನು ಪುಸ್ತಕ ಓದುವ ಮುಂಚೆ ತೋರಿಸಬೇಡಿ, ಆಮೇಲೆ ತೋರಿಸಿ.

8. ಓದಿದ ಮೇಲೆ

ಐರ್ಲೆಂಡಿನ ಗುರುತಾದ ಶ್ಯಾಮ್‌ರಾಕ್ ಎಲೆಯನ್ನು ಕಾಗದದಲ್ಲಿ ಕತ್ತರಿಸಿ ಅಂಟಿಸುವುದು ಬೇಕಾದರೆ ಮಾಡಿಸಿ. ಎಲೆ ಮೂರೇ ಇರಲಿ. ನಾಲ್ಕೆಲೆಯದು ಅದೃಷ್ಟದ ಕ್ಲೋವರ್, ಅದು ಬೇರೆ.

ಅದಕ್ಕಿಂತ ಒಳ್ಳೆಯ ಕೆಲಸವನ್ನು ಐರ್ಲೆಂಡಿನ ಶಾಲೆಗಳೇ ಮಾಡಿ ತೋರಿಸಿವೆ. 1937ರಿಂದ 1939ರವರೆಗೆ ಅಲ್ಲಿನ ಜಾನಪದ ಆಯೋಗ ಪ್ರಾಥಮಿಕ ಶಾಲೆಯ ದೊಡ್ಡ ಮಕ್ಕಳಿಗೆ ನೋಟ್‌ಬುಕ್ ಹಿಡಿಸಿತು. ಮನೆಗೆ ಹೋಗಿ ಅಜ್ಜ ಅಜ್ಜಿಯರಿಂದ, ಅಕ್ಕಪಕ್ಕದ ಹಿರಿಯರಿಂದ ಕಥೆ, ಗಾದೆ, ಮದ್ದು, ಆಟ ಎಲ್ಲ ಕೇಳಿ ಬರೆದುಕೊಂಡು ಬನ್ನಿ ಅಂತ. ಸುಮಾರು 5,000 ಶಾಲೆಗಳ ಸುಮಾರು 50,000 ಮಕ್ಕಳು ಬರೆದರು. ಆ ಕೈಬರಹದ ಪುಟಗಳು ಈಗ 'ದೂಖಸ್' ಎಂಬ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡುವ ಹಾಗೆ ಇವೆ. ಕ್ಲಾಸಿನ ದೊಡ್ಡ ಪರದೆಯ ಮೇಲೆ ಒಂದು ಪುಟ ತೋರಿಸಿ. ನಿಮ್ಮ ವಯಸ್ಸಿನ ಹುಡುಗಿ ಬರೆದದ್ದು, ಅಕ್ಷರ ನೋಡಿ ಎಂದು ಹೇಳಿ.

ಆಮೇಲೆ ಅದೇ ಕೆಲಸ ಕೊಡಿ. ಒಂದು ಹಾಳೆ, ಮೂರು ಗೆರೆ ಮೇಲೆ: ಕಥೆ ಹೇಳಿದವರು ಯಾರು, ಯಾವ ಊರು, ಅವರು ಯಾರಿಂದ ಕೇಳಿದ್ದು. ಉಳಿದ ಜಾಗದಲ್ಲಿ ಕಥೆ. ಭಾಷೆ ಯಾವುದಾದರೂ ಸರಿ. ನಮ್ಮ ಮಕ್ಕಳಿಗೆ ಇದಕ್ಕೆ ಶನಿವಾರ ಬೇಕಾಗುತ್ತದೆ, ಶಿವಮೊಗ್ಗದ ಅಜ್ಜಿಗೆ ವಿಡಿಯೋ ಕಾಲ್ ಮಾಡಬೇಕಲ್ಲ. ಹಾಗಾಗಿ ಹಾಳೆಯನ್ನು ಗುರುವಾರವೇ ಹಂಚಿ, ವಾಪಸ್ ಕೇಳುವುದು ಮಂಗಳವಾರ ಇಟ್ಟುಕೊಳ್ಳಿ.